ಮೊದಲು ಅಸಲಿ ಫೈಲ್, ಆಮೇಲೆ ಡಿಸ್ಕ್

ನಮಸ್ಕಾರ,

ಹೊಸನಗರದಿಂದ ನೀವು ಕಳಿಸಿದ ‘ನಿಮ್ಮದೇ ವಿಂಡೋಸ್ ಡಿಸ್ಕ್ ಮಾಡಿಕೊಳ್ಳಿ’ ಲೇಖನ, ಅಂದರೆ ಬೇಕಾದ್ದು ಸೇರಿಸಿ ಬೇಡದ್ದು ತೆಗೆದು ವಿಂಡೋಸ್ ಹಾಕುವ ಡಿಸ್ಕನ್ನು ನಾವೇ ಮಾಡಿಕೊಳ್ಳುವ ಬಗೆ, ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇಷ್ಟೇ ಹೇಳಿ ಸುಮ್ನಾಗುತ್ತಿದ್ದೆ. ನೀವು ರಿಪೇರಿ ಅಂಗಡಿ ನಡೆಸುವವರು, ಕೆಲಸ ಗೊತ್ತಿದೆ, ಬರೆಯಲೂ ಬರುತ್ತದೆ. ಅದಕ್ಕೇ ಇಷ್ಟುದ್ದ ಉತ್ತರ.

ಮೊದಲ ಎರಡು ಪುಟ ತೆಗೆಯಿರಿ. ಡಿಸ್ಕ್ ಮಾಡುವುದು ಹೇಗೆ ಎಂದು ಓದಲು ಕೂತವರಿಗೆ ಕಂಪ್ಯೂಟರಿನ ಪಿತಾಮಹ ಎನ್ನಿಸಿಕೊಂಡ ಚಾರ್ಲ್ಸ್ ಬ್ಯಾಬೇಜ್ ಕಥೆ ಯಾಕೆ? ಲೇಖನದ ಜೊತೆ ಬಂದ ಪತ್ರದಲ್ಲಿ ಶರಾವತಿ ಹಿನ್ನೀರಿನಾಚೆಯ ಶಾಲೆಯ ವಿಷಯ ಬರೆದಿದ್ದೀರಲ್ಲ, ಅದನ್ನು ಅಲ್ಲಿಗೆ ತನ್ನಿ. ವಿಂಡೋಸ್ ಹಾಕಿದಿರಿ, ವೈಫೈ ನಡೆಸುವ ತಂತ್ರಾಂಶ, ಅಂದರೆ ವೈಫೈ ಡ್ರೈವರ್ ಇಲ್ಲ. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಮೊಬೈಲಿಗೂ ಸಿಗ್ನಲ್ ಇಲ್ಲ. ವಾಪಸ್ ಬಂದು ಮತ್ತೆ ಹೋಗಬೇಕಾಯಿತು. ಡ್ರೈವರ್ ಸೇರಿಸಿದ ಡಿಸ್ಕ್ ಯಾಕೆ ಬೇಕು ಎನ್ನಲು ಇಷ್ಟು ಸಾಕು.

ಇನ್ನು ನನ್ನ ದೊಡ್ಡ ತಕರಾರು. ‘ಪರಿಚಯದವರ ಹತ್ತಿರ ಒಂದು ಐಎಸ್‌ಒ ಫೈಲ್ ಇಸ್ಕೊಳ್ಳಿ’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಐಎಸ್‌ಒ ಎಂದರೆ ಇಡೀ ಡಿಸ್ಕಿನಲ್ಲಿರುವುದನ್ನು ಒಂದೇ ಫೈಲಾಗಿ ಕಟ್ಟಿಟ್ಟದ್ದು. ಅಲ್ಲ ಮಾರಾಯ್ರೆ, ಇಡೀ ಕೆಲಸ ನಿಂತಿರುವುದೇ ಆ ಫೈಲ್ ಮೇಲೆ ಅಲ್ವಾ? ಅದರಿಂದ ಯಾರು ಏನು ಕಿತ್ತಿದ್ದಾರೆ, ಏನು ತುರುಕಿದ್ದಾರೆ ಎಂದು ನಿಮಗೆ ಗೊತ್ತಿಲ್ಲ. ಇದು ಮುಸುರೆ ಪಾತ್ರೆಯಲ್ಲಿ ಹಾಲು ಕಾಯಿಸಿದ ಹಾಗೆ. ಹಾಲು ಒಡೆದ ಮೇಲೆ ನೀವು ಒಲೆಯನ್ನು ಬೈಯುತ್ತೀರಿ.

ಆ ಒಂದು ಸಾಲು ಒಂದು ಪುಟವಾಗಬೇಕು. ಮೈಕ್ರೋಸಾಫ್ಟ್‌ನ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಬೇಕು. ಡೌನ್‌ಲೋಡ್ ಪುಟದಲ್ಲೇ ಎಸ್‌ಎಚ್‌ಎ-256 ಹ್ಯಾಶ್ ಕೊಟ್ಟಿರುತ್ತಾರೆ. ಫೈಲಿನ ಬೆರಳಚ್ಚಿನಂಥ, ಅಕ್ಷರ ಅಂಕಿ ಸೇರಿ 64 ಚಿಹ್ನೆಗಳ ಸಾಲು ಅದು. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಕಮಾಂಡ್‌ನಿಂದ ನಿಮ್ಮ ಫೈಲ್‌ನ ಹ್ಯಾಶ್ ತೆಗೆದು ಎರಡನ್ನೂ ಪೂರ್ತಿ ತಾಳೆ ನೋಡಬೇಕು. ತಾಳೆಯಾದ ಐಎಸ್‌ಒ ಒಂದು ಕಡೆ ಹಾಗೇ ಇರಲಿ, ಅದಕ್ಕೆ ಕೈ ಹಚ್ಚಬಾರದು. ಅದರೊಳಗಿನದನ್ನು ಒಂದು ಫೋಲ್ಡರಿಗೆ ನಕಲು ಮಾಡಿ, ಕೆಲಸವೆಲ್ಲ ಆ ನಕಲಿನ ಮೇಲೆ. ನಕಲು ಮಾಡಿದಾಗ, ಹಾಕಬೇಕಾದ ವಿಂಡೋಸ್ ಪೂರ್ತಿ ಇರುವ ಇನ್‌ಸ್ಟಾಲ್ ಡಾಟ್ ವಿಮ್ ಫೈಲ್‌ಗೆ ‘ರೀಡ್ ಓನ್ಲಿ’ (ಓದಲು ಮಾತ್ರ) ಗುರುತು ಅಂಟಿಕೊಂಡು ಬರುವುದುಂಟು. ಆ ಗುರುತು ತೆಗೆಯದಿದ್ದರೆ ವಿಂಡೋಸ್‌ನದೇ ಆದ ಡಿಸ್ಮ್ ಕಮಾಂಡ್ ಆ ಫೈಲನ್ನು ಬದಲಾಯಿಸಲು ಮೌಂಟ್ ಮಾಡುವುದಿಲ್ಲ, ಅಂದರೆ ಫೋಲ್ಡರಿನ ಹಾಗೆ ತೆರೆದುಕೊಡುವುದಿಲ್ಲ. ಹೊಸಬರು ಸಿಕ್ಕಿಬೀಳುವುದು ಇಲ್ಲೇ, ನೀವು ಒಂದು ಮಾತೂ ಬರೆದಿಲ್ಲ.

ಮುಂದಿನ ತಿಂಗಳು ಇನ್ನೊಂದು ಡಿಸ್ಕ್ ಬೇಕಾದರೆ? ‘ಹಳೆಯ ಫೋಲ್ಡರನ್ನೇ ಮತ್ತೆ ತಿದ್ದಿ’ ಎನ್ನುತ್ತೀರಿ. ಬೇಡ. ಮತ್ತೆ ಅಸಲಿ ಫೈಲ್‌ನಿಂದಲೇ ಶುರು ಮಾಡಬೇಕು. ಒಮ್ಮೆ ಕಿತ್ತುಹಾಕಿದ ಭಾಗ ಪಟ್ಟಿಯಲ್ಲಿ ಮತ್ತೆ ಟಿಕ್ ಹಾಕಿದ ಮಾತ್ರಕ್ಕೆ ವಾಪಸ್ ಬರುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದೇ ಕೆಲಸಕ್ಕೆ ಎನ್‌ಲೈಟ್ ಎಂಬ ತಂತ್ರಾಂಶ ಬಳಸಿದವರೂ ಇದೇ ಕ್ರಮ ಹಿಡಿದವರು.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವಿದೆ, ಕರೆಂಟು. ಆಷಾಢದ ಮಳೆಯಲ್ಲಿ ಇಮೇಜ್ (ಆ ವಿಮ್ ಫೈಲ್) ಮೌಂಟ್ ಆಗಿರುವಾಗಲೇ ಕರೆಂಟು ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಫೈಲ್ ಕೆಡಲೂಬಹುದು. ಆಗ ಅರ್ಧಕ್ಕೆ ನಿಂತ ಮೌಂಟನ್ನು ತೆರವು ಮಾಡುವ ಡಿಸ್ಮ್‌ನ ‘ಕ್ಲೀನಪ್ ಮೌಂಟ್‌ಪಾಯಿಂಟ್ಸ್’ ಕೊಟ್ಟು, ಆ ಫೋಲ್ಡರ್ ಅಳಿಸಿ, ಹೊಸ ನಕಲು ತೆಗೆದರೆ ಮುಗಿಯಿತು. ಅಸಲಿ ಇಟ್ಟುಕೊಂಡವರಿಗೆ ಮಾತ್ರ ಈ ನೆಮ್ಮದಿ.

ಒಂದು ಕಡೆ ನೇರವಾಗಿ ತಪ್ಪು ಬರೆದಿದ್ದೀರಿ. ‘ಡ್ರೈವರನ್ನು ಇನ್‌ಸ್ಟಾಲ್ ಡಾಟ್ ವಿಮ್‌ಗೆ ಸೇರಿಸಿದರೆ ಸಾಕು’ ಅಂತ. ವೈಫೈಗೆ ಸಾಕು, ಸ್ಟೋರೇಜ್ ಡ್ರೈವರ್‌ಗೆ ಸಾಲದು. ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ (ಡಿಸ್ಕನ್ನು ನಿಭಾಯಿಸುವ ಇಂಟೆಲ್‌ನ ವ್ಯವಸ್ಥೆ) ಆನ್ ಇದ್ದರೆ, ಅದರ ಡ್ರೈವರ್ ಇಲ್ಲದೆ ಸೆಟಪ್‌ಗೆ ಡಿಸ್ಕೇ ಕಾಣುವುದಿಲ್ಲ. ಬೂಟ್ ಡಾಟ್ ವಿಮ್ ಎಂಬ ಇನ್ನೊಂದು ಫೈಲ್‌ನ ಎರಡನೇ ಇಂಡೆಕ್ಸ್‌ಗೂ (ಅದರೊಳಗಿನ ಎರಡನೇ ಇಮೇಜ್‌ಗೂ) ಆ ಡ್ರೈವರ್ ಸೇರಿಸಬೇಕು. ಸೆಟಪ್ ಓಡುವುದೇ ಅದರಿಂದ. ಇನ್‌ಸ್ಟಾಲ್ ಡಾಟ್ ವಿಮ್‌ನಲ್ಲೂ ಹೋಮ್, ಪ್ರೊ ಎಂದು ಬೇರೆ ಬೇರೆ ಇಂಡೆಕ್ಸ್ ಇರುತ್ತವೆ. ಹೋಮ್‌ಗೆ ಸೇರಿಸಿ ಪ್ರೊ ಹಾಕಿದರೆ ಡ್ರೈವರ್ ಎಲ್ಲಿಂದ ಬರಬೇಕು? ಕೊನೆಯಲ್ಲಿ ಕಮಿಟ್ ಕೊಟ್ಟು (ಬದಲಾವಣೆ ಉಳಿಸಿ) ಅನ್‌ಮೌಂಟ್ ಮಾಡಿ ಎಂದೂ ಸೇರಿಸಿ.

ಏನೇನು ತೆಗೆಯಬಹುದು ಎಂಬ ನಿಮ್ಮ ಪಟ್ಟಿ ಜಾಸ್ತಿಯಾಯಿತು. ವೈರಸ್ ತಡೆಯುವ ಡಿಫೆಂಡರ್, ಅಪ್‌ಡೇಟ್ ಎಲ್ಲ ಕಿತ್ತರೆ ಕಂಪ್ಯೂಟರ್ ಹಗುರವಾಗುತ್ತದೆ ನಿಜ, ಕಾವಲೂ ಹೋಗುತ್ತದೆ. ತೆಗೆಯುವುದಕ್ಕಿಂತ ಸೇರಿಸುವುದನ್ನು ಬರೆಯಿರಿ. ವಿಂಡೋಸ್ 10ರಿಂದ ‘ತುಂಗಾ’ ಫಾಂಟ್ ತಾನಾಗಿ ಬರುವುದಿಲ್ಲ, ಕನ್ನಡದ ಹೆಚ್ಚುವರಿ ಫಾಂಟ್‌ಗಳ ಜೊತೆ ಹಾಕಿಕೊಳ್ಳಬೇಕು. ನೆಟ್ ಇಲ್ಲದ ಶಾಲೆಗೆ ಅದನ್ನು ಡಿಸ್ಕ್‌ನಲ್ಲೇ ಸೇರಿಸಿಕೊಡಬಹುದು. ತುಂಗೆಯ ನೀರು ಕುಡಿಯುವ ನಾವೇ ಅದನ್ನು ಮರೆತರೆ ಹೇಗೆ?

ಡಿವಿಡಿ ಭಾಗ ಚಿಕ್ಕದು ಮಾಡಿ. ಈಗಿನ ಪೂರ್ತಿ ಐಎಸ್‌ಒ 4.7 ಜಿಬಿ ಡಿವಿಡಿಯಲ್ಲಿ ಹಿಡಿಸುವುದಿಲ್ಲ. ಪೆನ್‌ಡ್ರೈವ್ ಎನ್ನುವುದಾದರೆ ಫ್ಯಾಟ್32 ಎಂದು ಫಾರ್ಮ್ಯಾಟ್ ಮಾಡಿದ್ದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ, ಇನ್‌ಸ್ಟಾಲ್ ಡಾಟ್ ವಿಮ್ ಒಡೆಯಬೇಕು ಎಂದು ಹೇಳಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದೂ ಒಂದು ಸಾಲಲ್ಲಿ ಬರಲಿ. ತಿದ್ದಿದ ಡಿಸ್ಕ್ ಗಿರಾಕಿಗಳಿಗೆ ಮಾರಬಹುದು ಎಂಬ ಪ್ಯಾರಾ ಮಾತ್ರ ಹಾಕಲಾರೆ. ಲೈಸೆನ್ಸ್ ಅದಕ್ಕೆ ಒಪ್ಪುವುದಿಲ್ಲ.

ಬರೆದ ಪ್ರತಿ ಹಂತವನ್ನೂ ಮೊದಲು ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ), ಆಮೇಲೆ ಅಂಗಡಿಯ ಹಳೆಯ ಮಷೀನಿನಲ್ಲಿ ಮಾಡಿ ನೋಡಿ. ಯಾವ ಮಷೀನು ಎಂದೂ ಬರೆಯಿರಿ. ದೀಪಾವಳಿಯೊಳಗೆ ಬಂದರೆ ಅನುಕೂಲ. ಯೂನಿಕೋಡ್‌ನಲ್ಲೇ ಕಳಿಸಿ. ಹಳೆಯ ಆಸ್ಕಿ ಫಾಂಟಿನಲ್ಲಿ ಬಂದದ್ದನ್ನು ಬದಲಾಯಿಸುವಾಗ ಅರ್ಕಾವತ್ತುಗಳೆಲ್ಲ ದಿಕ್ಕಾಪಾಲಾಗುತ್ತವೆ, ಕೂತು ತಿದ್ದುವವರು ನಮ್ಮಲ್ಲಿ ಯಾರೂ ಇಲ್ಲ.