ಡರ್ಬಿಯಲ್ಲಿ ಒಂದು ಕುದುರೆ ಜೀವಮಾನದಲ್ಲಿ ಒಂದೇ ಸಲ ಏಕೆ ಓಡುತ್ತದೆ?

ಇಂಗ್ಲೆಂಡಿನ ಎಪ್ಸಮ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ ಡರ್ಬಿ ಮೂರು ವರ್ಷದ ಕುದುರೆಗಳಿಗೆ ಮಾತ್ರ ಮೀಸಲು. ಮರುವರ್ಷ ಅದೇ ಕುದುರೆಗೆ ನಾಲ್ಕು ತುಂಬಿರುತ್ತದೆ, ಅವಕಾಶ ಮುಗಿದಂತೆ.

ಬಾಗಲಕೋಟೆ ಕಡೆಯ ದನದ ಜಾತ್ರೆಯಲ್ಲಿ ಹೋರಿಯ ಬಾಯಿ ತೆರೆಸಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’ ಎಂದು ವಯಸ್ಸು ಎಣಿಸುವುದನ್ನು ನೋಡಿದವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಒಂದೇ ವಯಸ್ಸಿನವು ಜೊತೆಯಾಗಿ ಓಡಿದರೆ ಬಲಿತ ಮೈಯ, ಹಳೆಯ ಅನುಭವದ ಲಾಭ ಯಾವುದಕ್ಕೂ ಸಿಗುವುದಿಲ್ಲ. ತಳಿಯ ಗುಣವೇ ಎದ್ದು ಕಾಣುತ್ತದೆ. ಈ ಓಟ ನಿಜವಾಗಿ ಥರೋಬ್ರೆಡ್ ತಳಿಯ, ಅಂದರೆ ಓಟಕ್ಕೆಂದೇ ವಂಶಾವಳಿ ಕಾಪಾಡಿಕೊಂಡು ಬೆಳೆಸಿದ ಕುದುರೆಗಳ ಪರೀಕ್ಷೆ. ಬೀಜ ಒಡೆದ ಕುದುರೆಗಳಿಗೆ ಇಲ್ಲಿ ಪ್ರವೇಶವೇ ಇಲ್ಲ. ಗೆದ್ದ ಗಂಡಿನಿಂದ ಮುಂದಿನ ಪೀಳಿಗೆ ಬರಬೇಕಲ್ಲ! ನನ್ನ ಮಟ್ಟಿಗೆ ಇಡೀ ನಿಯಮಾವಳಿಯಲ್ಲಿ ಅತ್ಯಂತ ಅರ್ಥಪೂರ್ಣವಾದದ್ದು ಇದೇ.

ಮೊದಲ ಓಟ ನಡೆದದ್ದು 1780ರಲ್ಲಿ. ಹೆಸರು ಬಂದದ್ದು ಡರ್ಬಿಯ 12ನೇ ಅರ್ಲ್‌ನಿಂದ (ಅರ್ಲ್ ಎಂಬುದು ಅಲ್ಲಿನ ಸರದಾರರ ಒಂದು ಪದವಿ). ಅವನೂ ಆಗಿನ ಕುದುರೆ ಓಟದ ಮುಖಂಡ ಚಾರ್ಲ್ಸ್ ಬನ್ಬರಿಯೂ ನಾಣ್ಯ ಚಿಮ್ಮಿ ಹೆಸರನ್ನು ತೀರ್ಮಾನಿಸಿದರು ಎಂಬ ಐತಿಹ್ಯವಿದೆ. ಮೊದಲ ಓಟ ಗೆದ್ದ ಡಯೋಮೆಡ್ ಮಾತ್ರ ಬನ್ಬರಿಯ ಕುದುರೆ. ಆಗ ದೂರ ಒಂದು ಮೈಲಿ. 1784ರಲ್ಲಿ ಅದು ಒಂದೂವರೆ ಮೈಲಿಯಾಯಿತು.