ಯುವಿಸಿಇ ಮೊದಲು ಹಾಕಿದರೆ ಕಾರವಾರದ ಸೀಟು ತಪ್ಪೀತೇ?

ಮಗಳಿಗೆ ಪಿಯುಸಿಯ ಪಿಸಿಎಂನಲ್ಲಿ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶೇ 95, ಸಿಇಟಿಯಲ್ಲಿ 180ಕ್ಕೆ 90. ಸಿಇಟಿ ಸೀಟಿನ ಆಯ್ಕೆ ಪಟ್ಟಿಯಲ್ಲಿ ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜನ್ನು ಮೊದಲು ಹಾಕಿದರೆ ಕಾರವಾರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸೀಟು ಕೈತಪ್ಪುತ್ತದೆಯೇ ಎಂದು ಕೇಳಿದ್ದೀರಿ.

ಖಂಡಿತ ತಪ್ಪುವುದಿಲ್ಲ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾರೆ. ಮೊದಲನೆಯದು ಸಿಗದಿದ್ದರೆ ಎರಡನೆಯದಕ್ಕೂ ಅದೇ ರ‍್ಯಾಂಕ್. ಹಾಗಾಗಿ ಆಸೆಯ ಕ್ರಮದಲ್ಲೇ ಹಾಕಿ. ರ‍್ಯಾಂಕ್‌ಗೆ ಲೆಕ್ಕ ಹಾಕುವಾಗ ಪಿಸಿಎಂ ಮತ್ತು ಸಿಇಟಿ ಶೇಕಡಾವಾರು ಅಂಕಗಳ ಅರ್ಧರ್ಧ ಸೇರಿ ಅವಳ ಮೆರಿಟ್ ನೂರಕ್ಕೆ 47.5 + 25 = 72.5.

ಹೆಚ್ಚಿನವರು ಎಡವುವುದು ಗ್ರಾಮೀಣ ಮೀಸಲಾತಿಯಲ್ಲಿ. ಮನೆ ಹಳ್ಳಿಯಲ್ಲಿದ್ದರೆ ಸಾಲದು, 1ರಿಂದ 10ನೇ ತರಗತಿಯ ಶಾಲೆಯೇ ಗ್ರಾಮೀಣ ಪ್ರದೇಶದಲ್ಲಿರಬೇಕು. ಹೈಸ್ಕೂಲು ಶಿರಸಿ ಪೇಟೆಯದಾದರೆ ಆಗದು. ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಬೇಕು, ಈಗಲೇ ಮಾಡಿಸಿಟ್ಟುಕೊಳ್ಳಿ. ಇದು ಸಿಕ್ಕರೆ ಹಿಂದಿನ ಕಟ್‌ಆಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ಪಟ್ಟಿಯಲ್ಲಿ ‘ಜಿಎಂ’ (ಸಾಮಾನ್ಯ ವರ್ಗ) ಅಲ್ಲ, ‘ಜಿಎಂಆರ್’ (ಸಾಮಾನ್ಯ ವರ್ಗದ ಗ್ರಾಮೀಣ) ಕಾಲಂ ನೋಡಿ. ಬೇರೆ ವರ್ಗವಾದರೆ ಅದರ ‘ಆರ್’ ಕಾಲಂ. ಕನ್ನಡ ಮಾಧ್ಯಮದವರಿಗೆ ‘ಕೆ’ ಕಾಲಂ.

ಕಾರವಾರ ಸಿಕ್ಕಿ, ಇನ್ನೂ ಮೇಲಿನದು ಬೇಕೆನಿಸಿದರೆ ಸೀಟು ಹಂಚಿಕೆಯ ನಂತರ ಕೇಳುವ ಆಯ್ಕೆಗಳಲ್ಲಿ ಚಾಯ್ಸ್ 2 ಒತ್ತಿ, ಚಾಯ್ಸ್ 3 ಬೇಡ. ಎರಡರಲ್ಲೂ ಮುಂದಿನ ಸುತ್ತಿಗೆ ಹೋಗಬಹುದು. 2ರಲ್ಲಿ ಸೀಟು ಉಳಿಯುತ್ತದೆ, 3ರಲ್ಲಿ ಹೋಗುತ್ತದೆ. ಆದರೆ ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಕಾರವಾರ ತಾನಾಗಿ ರದ್ದಾಗುತ್ತದೆ. ಅದಕ್ಕೇ, ಕಳಿಸಲು ಮನಸ್ಸಿಲ್ಲದ ಕಾಲೇಜನ್ನು ಕಾರವಾರದ ಮೇಲೆ ಇಡಲೇಬೇಡಿ.