ಓದುಗರ ಪ್ರಶ್ನೆ: ಪೂಲ್ ಟೇಬಲ್ ಸುತ್ತ ಕೂತವರಿಗೆ

ಪೂಲ್ ಅಂದರೆ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಉಳಿದ ಚೆಂಡುಗಳನ್ನು ಟೇಬಲ್ ಅಂಚಿನ ಕುಳಿಗಳಿಗೆ (ಪಾಕೆಟ್) ಬೀಳಿಸುವ ಆಟ. ಅದರ ಪಂದ್ಯಾವಳಿ ನೋಡಲು ಹೋದವರು ಹೇಗಿರಬೇಕು ಎಂದು ಕೇಳಿ ಬಂದ ಪತ್ರಗಳಿಗೆ ಈ ಸಲ ಉತ್ತರ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇವೆ.

ಪ್ರಶ್ನೆ: ಕುಸ್ತಿ ಕಣದಾಗ ಹಲಗಿ ಬಡಿತಾರ, ಮಂದಿ ಚೀರ್ತಾರ, ಪೈಲ್ವಾನರಿಗೆ ಹುರುಪು ಬರ್ತದ. ಪೂಲ್ ಮ್ಯಾಚಿಗೆ ಹೋದ್ರ ಮಾತ್ರ ಉಸಿರೂ ಬಿಡಬ್ಯಾಡ್ರಿ ಅಂತಾರ. ಇಷ್ಟು ನಾಜೂಕು ಯಾಕ್ರಿ? — ಓದುಗರು, ಕಲಬುರಗಿ

ಉತ್ತರ: ಕಾರಣ ಲೆಕ್ಕದಲ್ಲಿದೆ. ಬಿಳಿ ಚೆಂಡಿಗೂ ಹೊಡೆಯಬೇಕಾದ ಚೆಂಡಿಗೂ ನಾಲ್ಕು ಅಡಿ ಅಂತರ ಇದೆ ಅಂದುಕೊಳ್ಳಿ. ಆಟಗಾರ ಬೆಚ್ಚಿ ಬಿಳಿ ಚೆಂಡು ಒಂದೇ ಒಂದು ಡಿಗ್ರಿ ಓರೆಯಾಗಿ ಹೊರಟರೆ, ಅದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಸುಮಾರು 2 ಸೆಂ.ಮೀ. ಸರಿದಿರುತ್ತದೆ. ಪೂಲ್ ಚೆಂಡಿನ ಅಡ್ಡಳತೆ 57 ಮಿ.ಮೀ. ಅಷ್ಟು ಸರಿದು ಬಡಿದರೆ ನೇರ ಹೋಗಬೇಕಿದ್ದ ಚೆಂಡು 20 ಡಿಗ್ರಿಗೂ ಹೆಚ್ಚು ವಾಲಿ ಓಡುತ್ತದೆ. ಪಾಕೆಟ್ ಬಾಯಿ ಇರುವುದೇ ನಾಲ್ಕೂವರೆ ಇಂಚಿನ ಆಸುಪಾಸು. ಬೀಳುವ ಮಾತೇ ಇಲ್ಲ.

ಆದರೆ ಎಲ್ಲ ಸದ್ದೂ ಕೆಡುಕಲ್ಲ. ಒಂದೇ ಸಮನೆ ಇರುವ ಗುಜುಗುಜು, ಫ್ಯಾನಿನ ಸದ್ದು, ಹೊರಗಿನ ಜನರೇಟರ್, ಇವು ಐದು ನಿಮಿಷದಲ್ಲಿ ಕಿವಿಗೆ ರೂಢಿಯಾಗುತ್ತವೆ. ಕೆಡಿಸುವುದು ಮೌನದ ನಡುವೆ ಫಟ್ಟನೆ ಬರುವ ಸದ್ದು: ಕುರ್ಚಿ ಎಳೆದದ್ದು, ಒಬ್ಬನೇ ಒಬ್ಬ ಸೀನಿದ್ದು. 1994ರಿಂದ ನಡೆಯುತ್ತಿರುವ ಯುರೋಪ್–ಅಮೆರಿಕ ತಂಡಗಳ ಪೂಲ್ ಪಂದ್ಯಾವಳಿ ಮೊಸ್ಕೋನಿ ಕಪ್‌ನಲ್ಲಿ ಜನ ಹಾಡುತ್ತಾರೆ, ಕೂಗುತ್ತಾರೆ. ಆಟಗಾರರು ಅದಕ್ಕೆ ಸಜ್ಜಾಗಿಯೇ ಬರುತ್ತಾರೆ. ಅದೇ 1977ರಿಂದ ಪೂಲ್‌ನಂಥದೇ ಆಟವಾದ ಸ್ನೂಕರ್‌ನ ವಿಶ್ವ ಪಂದ್ಯಾವಳಿ ನಡೆಯುವ, ಇಂಗ್ಲೆಂಡಿನ ಶೆಫೀಲ್ಡ್‌ನ ಕ್ರೂಸಿಬಲ್ ರಂಗಮಂದಿರದಲ್ಲಿ ಆಟಗಾರ ಬಾಗಿದರೆ ಸಾವಿರದಷ್ಟು ಮಂದಿ ಗಪ್‌ಚಿಪ್. ನೀವು ಹೋದದ್ದು ಯಾವ ತರಹದ ಪಂದ್ಯ ಎಂದು ಸಂಘಟಕರು ಮೊದಲೇ ಹೇಳಬೇಕು. ಹೇಳದಿದ್ದರೆ ಕ್ರೂಸಿಬಲ್ ಪದ್ಧತಿ ಎಂದೇ ತಿಳಿಯಿರಿ.

ಇನ್ನೊಂದು ಮಾತು, ಸದ್ದಿಗಿಂತ ದೊಡ್ಡದು. ಆಟಗಾರನನ್ನು ಹೆಚ್ಚು ಕೆಡಿಸುವುದು ಅವನ ಕಣ್ಣ ನೇರದಲ್ಲಿ ಆಗುವ ಅಲುಗಾಟ. ಗಲ್ಲವನ್ನು ಕ್ಯೂ (ಹೊಡೆಯುವ ಕೋಲು) ಹತ್ತಿರ ಇಟ್ಟು ಟೇಬಲ್ ಉದ್ದಕ್ಕೂ ನೋಡುವವನಿಗೆ, ಆ ತುದಿಯಲ್ಲಿ ನೀವು ಕಾಲ ಮೇಲೆ ಕಾಲು ಹಾಕಿದ್ದೂ ಕಾಣುತ್ತದೆ. ಬಾಯಿ ಮುಚ್ಚಿ ಕೂತ ಎಷ್ಟೋ ಮಂದಿಗೆ ಇದು ಗೊತ್ತೇ ಇರುವುದಿಲ್ಲ. ಆಟಗಾರ ಬಾಗಿದಾಗ ನೀವು ನಿಂತಿದ್ದರೆ ನಿಂತಲ್ಲೇ ನಿಲ್ಲಿ. ಕೂರಲು ಹೋಗಬೇಡಿ.

ಪ್ರಶ್ನೆ: ಚಪ್ಪಾಳೆ ಯಾವಾಗ ಹೊಡೆಯಬೇಕು? — ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಎಲ್ಲ ಚೆಂಡೂ ನಿಂತ ಮೇಲೆ. ಪೂಲ್‌ನ ಒಂದು ಬಗೆಯಾದ ನೈನ್‌ಬಾಲ್‌ನಲ್ಲಿ ಇದು ಬರೀ ಮರ್ಯಾದೆಯ ಮಾತಲ್ಲ. ಟೇಬಲ್ ಮೇಲಿರುವ ಅತಿ ಚಿಕ್ಕ ನಂಬರಿನ ಚೆಂಡಿಗೆ ಮೊದಲು ತಾಗಿಸಿ, ಅದೇ ಹೊಡೆತದಲ್ಲಿ 9ನೇ ಚೆಂಡು ಬಿದ್ದರೆ ಆ ಸುತ್ತಿನ ಆಟ, ಅಂದರೆ ರ‍್ಯಾಕ್ ಗೆದ್ದಂತೆ. ಆದರೆ 9 ಬಿದ್ದ ಮೇಲೂ ಬಿಳಿ ಚೆಂಡು ಉರುಳುತ್ತಾ ಹೋಗಿ ಪಾಕೆಟ್‌ಗೆ ಬಿತ್ತೆಂದರೆ ಫೌಲ್. 9 ಮತ್ತೆ ಟೇಬಲ್ ಮೇಲೆ ಬರುತ್ತದೆ, ಎದುರಾಳಿ ಬಿಳಿ ಚೆಂಡನ್ನು ಬೇಕಾದಲ್ಲಿ ಇಟ್ಟು ಆಡುತ್ತಾನೆ. 8ನೇ ಚೆಂಡನ್ನು ಕೊನೆಗೆ ಬೀಳಿಸಿ ಗೆಲ್ಲುವ ಇನ್ನೊಂದು ಬಗೆಯಾದ ಏಟ್‌ಬಾಲ್‌ನಲ್ಲಿ 8ರ ಜೊತೆ ಬಿಳಿ ಬಿದ್ದರೆ ರ‍್ಯಾಕೇ ಹೋಯಿತು. 9 ಬಿದ್ದ ಕೂಡಲೇ ಎದ್ದು ಕುಣಿದವರ ಮುಖ ಆಮೇಲೆ ನೋಡಬೇಕು!

ಚೆಂಡು ಬೀಳಿಸಿದ್ದಕ್ಕೆ ಮಾತ್ರ ಚಪ್ಪಾಳೆ ಎಂಬುದು ಹೊಸ ಪ್ರೇಕ್ಷಕರ ಅಭ್ಯಾಸ. ಬಿಳಿ ಚೆಂಡನ್ನು ಬೇರೆ ಚೆಂಡುಗಳ ಹಿಂದೆ ಅಡಗಿಸಿ ಎದುರಾಳಿಗೆ ದಾರಿ ಮುಚ್ಚುವ ಸೇಫ್ಟಿ ಹೊಡೆತ ಎಷ್ಟೋ ಸಲ ಅದಕ್ಕಿಂತ ಕಷ್ಟದ್ದು. ಒಳ್ಳೆಯ ಸೇಫ್ಟಿಗೆ ಕೈತಟ್ಟುವ ಮಂದಿ ಇದ್ದರೆ ಆಟ ಬಲ್ಲವರು ಸೇರಿದ್ದಾರೆ ಎಂದು ತಿಳಿಯುತ್ತದೆ. ಎದುರಾಳಿ ತಪ್ಪಿದ್ದಕ್ಕೆ, ಫೌಲಿಗೆ ಚಪ್ಪಾಳೆ ಬೇಡವೇ ಬೇಡ. ಅದೃಷ್ಟಕ್ಕೆ ಬಿದ್ದ ಚೆಂಡಿಗೆ ಆಟಗಾರನೇ ಕೈ ಎತ್ತಿ ಕ್ಷಮೆ ಕೇಳುತ್ತಾನೆ. ಅಲ್ಲಿ ನೀವು ಶಿಳ್ಳೆ ಹೊಡೆದರೆ ಅವನಿಗೇ ಮುಜುಗರ.

ಪ್ರಶ್ನೆ: ನನ್ನ ತಮ್ಮ ಆಡ್ತಾನ್ರಿ. ಎದುರಿನವ ಫೌಲ್ ಮಾಡಿದ್ದು ನನಗ ಕಂಡ್ರ, ತಮ್ಮಗ ಹೇಳಬಾರದೇನ್ರಿ? ಅನ್ಯಾಯ ನೋಡ್ಕೊಂತ ಕೂಡೋದಾ? — ಓದುಗರು, ಬೀದರ್

ಉತ್ತರ: ಹೇಳಬಾರದು. ನಿಮ್ಮ ಹೊಟ್ಟೆಯುರಿ ಅರ್ಥವಾಗುತ್ತದೆ, ಏಕೆಂದರೆ ಮುಂದಿನ ಹೊಡೆತ ಶುರುವಾಗುವ ಮೊದಲು ಯಾರೂ ಕೇಳದಿದ್ದರೆ ಆ ಫೌಲ್ ಆಗಿಲ್ಲವೆಂದೇ ಲೆಕ್ಕ. ಆದರೂ ಅದನ್ನು ಕೇಳುವ ಹಕ್ಕು ರೆಫರಿಗೆ, ಪ್ರತಿ ಟೇಬಲ್‌ಗೂ ರೆಫರಿ ಇಲ್ಲದಿದ್ದಲ್ಲಿ ಕುರ್ಚಿಯಲ್ಲಿ ಕೂತ ಎದುರಾಳಿಗೆ. ಅಂದರೆ ನಿಮ್ಮ ತಮ್ಮನಿಗೆ. ಅವನಿಗೆ ಪಂದ್ಯಕ್ಕೆ ಮುಂಚೆಯೇ ಒಂದು ಮಾತು ಹೇಳಿಕೊಡಿ: ಬಿಳಿ ಚೆಂಡೂ ಹೊಡೆಯುವ ಚೆಂಡೂ ಒಂದಕ್ಕೊಂದು ಬೆರಳಗಲ ಹತ್ತಿರ ಇದ್ದರೆ, ಹೊಡೆಯುವ ಮೊದಲೇ ರೆಫರಿಯನ್ನು ಕರೆಯಬೇಕು. ಬಿಳಿ ಚೆಂಡಿಗೆ ಕ್ಯೂ ಎರಡು ಸಲ ತಾಗಿ ಫೌಲ್ ಆಯಿತೋ ಇಲ್ಲವೋ ಎಂಬ ಜಗಳ ಹೆಚ್ಚಾಗಿ ಹುಟ್ಟುವುದು ಅಲ್ಲೇ. ಹೊಡೆದಾದ ಮೇಲೆ ಸಾಕ್ಷಿ ಇರುವುದಿಲ್ಲ.

ಸಲಹೆಗೂ ಇದೇ ನಿಯಮ. ಕೆಮ್ಮುವುದು, ಬೆರಳು ತೋರಿಸುವುದು, ಇನ್ನೊಬ್ಬರಿಗೆ ಹೇಳುವಂತೆ ಜೋರಾಗಿ ‘ಅಲ್ಲಿ ಸೇಫ್ಟಿ ಛಲೋ ಇತ್ತು’ ಅನ್ನುವುದು, ಎಲ್ಲವೂ ಸಲಹೆಯೇ. ಕೇಳದೆಯೇ ಆಟಗಾರನಿಗೆ ನೆರವಾದ ಪ್ರೇಕ್ಷಕನನ್ನು ಅಲ್ಲಿಂದ ಎಬ್ಬಿಸಿ ಕಳಿಸುವುದು ನಿಯಮದಲ್ಲೇ ಇದೆ.

ಪ್ರಶ್ನೆ: ಫಂಕ್ಷನ್ ಹಾಲ್‌ನಲ್ಲಿ ಎರಡು ಒಂಬತ್ತಡಿ ಟೇಬಲ್ ಹಾಕಿ ಬೇಸಿಗೆ ರಜೆಯಲ್ಲಿ ಟೂರ್ನಮೆಂಟ್ ನಡೆಸುತ್ತೇವೆ. ಕುರ್ಚಿ ಎಲ್ಲಿ ಹಾಕಬೇಕು? — ಸಂಘಟಕರು, ಕಲಬುರಗಿ

ಉತ್ತರ: ಇದು ಒಳ್ಳೆಯ ಪ್ರಶ್ನೆ. ಪ್ರೇಕ್ಷಕರ ಅರ್ಧ ತಪ್ಪು ಹುಟ್ಟುವುದೇ ಕುರ್ಚಿ ಹಾಕಿದ ರೀತಿಯಿಂದ.

ಕ್ಯೂ ಉದ್ದ ಸಾಮಾನ್ಯವಾಗಿ 58 ಇಂಚು, ಅಂದರೆ ಐದಡಿಗೆ ಎರಡಿಂಚು ಕಮ್ಮಿ. ಚೆಂಡು ಅಂಚಿಗೆ ಅಂಟಿದ್ದರೆ ಇಡೀ ಕ್ಯೂ ಟೇಬಲ್‌ನಿಂದ ಆಚೆ ಇರುತ್ತದೆ, ಜೊತೆಗೆ ಹಿಂದಕ್ಕೆ ಎಳೆಯಲು ಜಾಗ ಬೇಕು. ಟೇಬಲ್ ಅಂಚಿನಿಂದ ಏಳೆಂಟು ಅಡಿ ಬಿಟ್ಟು ಮೊದಲ ಸಾಲು ಹಾಕಿ, ನಡುವೆ ಹಗ್ಗ ಕಟ್ಟಿ. ಕುರ್ಚಿಗಳು ಉದ್ದದ ಎರಡು ಬದಿಗೆ ಮಾತ್ರ. ಅಗಲದ ತುದಿಗಳು ಖಾಲಿ ಇರಲಿ, ಆಗುವುದಾದರೆ ಅಲ್ಲಿ ಒಂದು ಕಪ್ಪು ಪರದೆ ಇಳಿಬಿಡಿ. ಉದ್ದದ ಹೊಡೆತಗಳಲ್ಲಿ ಆಟಗಾರನ ಕಣ್ಣು ಹೋಗುವುದು ಆ ಕಡೆಗೇ. ಬಾಗಿಲು ಕೂಡ ಆ ದಿಕ್ಕಿಗೆ ಬರದಂತೆ ಟೇಬಲ್ ತಿರುಗಿಸಿ. ಮಧ್ಯಾಹ್ನ ಬಾಗಿಲು ತೆರೆದಾಗ ಒಳಗೆ ನುಗ್ಗುವ ನಮ್ಮ ಬಿಸಿಲು ಕಣ್ಣು ಕುಕ್ಕುತ್ತದೆ. ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿ, ರ‍್ಯಾಕ್ ಮುಗಿದಾಗ ಮಾತ್ರ ಜನರನ್ನು ಒಳಗೆ ಬಿಡಿ.

ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಎಳೆದರೆ ಕಿರ್ರೆನ್ನುತ್ತದೆ. ಕೆಳಗೆ ಜಮಖಾನೆ ಹಾಸಿದರೆ ಸಾಕು. ಟೇಬಲ್ ಮೇಲೆ ಕನಿಷ್ಠ 520 ಲಕ್ಸ್ (ಬೆಳಕಿನ ಅಳತೆ) ಬೆಳಕು ಬೇಕು, ಪ್ರೇಕ್ಷಕರ ಕಡೆ 50 ಲಕ್ಸ್ ಆದರೂ ಇರಲಿ. ಪೂರ್ತಿ ಕತ್ತಲೆ ಮಾಡಿದರೆ ಪ್ರತಿ ಮೊಬೈಲ್ ಪರದೆಯೂ ಬ್ಯಾಟರಿಯಂತೆ ಹೊಳೆಯುತ್ತದೆ.

ಕೂಲರ್ ವಿಷಯದಲ್ಲಿ ಎಚ್ಚರ. ಏಪ್ರಿಲ್–ಮೇ ಬಿಸಿಲಲ್ಲಿ ಕೂಲರ್ ಇಲ್ಲದೆ ಮಂದಿ ಕೂರುವುದಿಲ್ಲ ನಿಜ, ಆದರೆ ಅದರ ಹಸಿ ಗಾಳಿ ಟೇಬಲ್‌ಗೆ ಬಡಿದರೆ ಬಟ್ಟೆ ತೇವ ಹಿಡಿದು ಚೆಂಡಿನ ಓಟ ಕುಗ್ಗುತ್ತದೆ. ಬೆಳಿಗ್ಗೆ ಆಡಿದವರಿಗೊಂದು ಟೇಬಲ್, ಸಂಜೆ ಆಡಿದವರಿಗೆ ಇನ್ನೊಂದು ಎಂಬಂತಾಗುತ್ತದೆ. ಕೂಲರಿನ ಮುಖ ಜನರ ಕಡೆಗಿರಲಿ. ಕರೆಂಟ್ ಹೋದರೆ ಆಟ ನಿಲ್ಲಿಸಿ. ಸಹಾಯ ಮಾಡುತ್ತೇವೆಂದು ಜನ ಮೊಬೈಲ್ ಟಾರ್ಚ್ ಹಿಡಿದು ಟೇಬಲ್ ಹತ್ತಿರ ಬರದಂತೆ ಮೊದಲೇ ಮೈಕಿನಲ್ಲಿ ಹೇಳಿಬಿಡಿ.

ಪ್ರಶ್ನೆ: ವಿಡಿಯೊ ಮಾಡಬಹುದಾ? — ಓದುಗರು, ಯಾದಗಿರಿ

ಉತ್ತರ: ಸಂಘಟಕರು ಬೇಡ ಎನ್ನದಿದ್ದರೆ ಕೂತಲ್ಲಿಂದಲೇ ಮಾಡಿ. ಫ್ಲ್ಯಾಶ್ ಬಂದ್ ಇರಲಿ. ಸೈಲೆಂಟ್ ಅಂದರೆ ವೈಬ್ರೇಷನ್ ಕೂಡ ಬಂದ್. ಪ್ಲಾಸ್ಟಿಕ್ ಕುರ್ಚಿ ಮೇಲಿಟ್ಟ ಫೋನ್ ಗುರ್ರೆಂದರೆ ಇಡೀ ಸಾಲಿಗೆ ಕೇಳುತ್ತದೆ.

ಪ್ರಶ್ನೆ: ಮಕ್ಕಳನ್ನು ಕರೆದೊಯ್ಯುತ್ತೇವೆ. ತಿಂಡಿ ಒಯ್ಯಬಹುದಾ? ಚೆಂಡು ಹಾರಿ ಬಂದರೆ? — ತಾಯಿಯೊಬ್ಬರು, ಹುಮನಾಬಾದ್

ಉತ್ತರ: ಮಕ್ಕಳಿಗೆ ಬಾಗಿಲ ಪಕ್ಕದ ಕೊನೆಯ ಕುರ್ಚಿ ಒಳ್ಳೆಯದು, ಬೇಸರವಾದಾಗ ಸುಮ್ಮನೆ ಎದ್ದು ಹೋಗಬಹುದು. ತಿಂಡಿ ಹೊರಗೇ ಮುಗಿಸಿ ಬನ್ನಿ. ಕುರುಕುಲು ಪ್ಯಾಕೆಟ್ಟಿನ ಸದ್ದು ಒಂದು ಕಡೆ, ಮಿರ್ಚಿ ಭಜಿ ತಿಂದ ಕೈಯನ್ನು ಮಗು ಟೇಬಲ್ ಬಟ್ಟೆಗೆ ಒರೆಸಿದರೆ ಆ ಎಣ್ಣೆ ಕಲೆ ಹೋಗುವುದಿಲ್ಲ.

ಆಟ ಶುರು ಮಾಡುವ ಬ್ರೇಕ್ ಹೊಡೆತದಲ್ಲಿ, ಬಿಳಿ ಚೆಂಡನ್ನು ನೆಗೆಸುವ ಜಂಪ್ ಹೊಡೆತದಲ್ಲಿ ಚೆಂಡು ಹಾರುವುದುಂಟು. ಒಂದೊಂದೂ 156ರಿಂದ 170 ಗ್ರಾಂ, ಮೊಣಕಾಲಿಗೆ ಬಡಿದರೆ ಚೆನ್ನಾಗಿ ನೋಯುತ್ತದೆ. ಆ ಹೊತ್ತಿಗೆ ಮಗು ಮೊದಲ ಸಾಲಿನಲ್ಲಿ ಇರದಿರಲಿ. ಚೆಂಡು ಕಾಲಬುಡಕ್ಕೆ ಉರುಳಿ ಬಂದರೆ ಒದೆಯಬೇಡಿ, ನೀವೇ ಟೇಬಲ್ ಮೇಲೆ ಇಡಲೂಬೇಡಿ. ರೆಫರಿ ಬಂದಾಗ ಅವರ ಕೈಗೆ ಕೊಡಿ. ಅದು ಬಿಳಿ ಚೆಂಡೇ, 9ನೇ ಚೆಂಡೇ, ಬೇರೆಯದೇ ಎಂಬುದರ ಮೇಲೆ ಮುಂದಿನ ತೀರ್ಮಾನ ಬೇರೆ ಬೇರೆ ಇರುತ್ತದೆ.